ಸುಳಿ ತುಂಡಿನಲ್ಲಿ ಕೂಡಿದ ನೀರು

ಅಕ್ಕ ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತಿದ್ದಳು, ನಾನು ಬದುವಿನ ಮೇಲೆ ನಿಂತಿದ್ದೆ. ಇಷ್ಟು ಖಚಿತ. ಅದರ ಮುಂದಿನದನ್ನು ಯಾರಿಗಾದರೂ ಹೇಳಲು ಹೊರಟರೆ ಒಂದೊಂದು ಸಲ ಒಂದೊಂದು ಕ್ರಮದಲ್ಲಿ ಬರುತ್ತದೆ. ಮೊದಲು ವಾಸನೆ ಬಂತೋ, ಮೊದಲು ಅವಳು ಕೆಮ್ಮಿದಳೋ, ಮೊದಲು ಕರೆಂಟು ಹೋಯಿತೋ. ಕೇಳುವವರಿಗೆ ಕ್ರಮ ಬೇಕಾಗಿಲ್ಲ, ಅಕ್ಕನಿಗೆ ಏನಾಯಿತು ಎಂಬುದಷ್ಟೇ ಬೇಕು. ನನಗೆ ಕ್ರಮ ಬೇಕು.

ಅಕ್ಕನನ್ನು ಕೊಟ್ಟಿರುವುದು ಶಿಕಾರಿಪುರ ತಾಲ್ಲೂಕಿಗೆ, ತಾಳಗುಂದದಿಂದ ಸ್ವಲ್ಪ ಆಚೆ. ನಾವು ಸೊರಬದವರು. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದರೆ ಅವಳ ಊರು. ದೂರವೇನಲ್ಲ, ಆದರೆ ಅಷ್ಟರಲ್ಲೇ ಮಾತು ಬದಲಾಗಿಬಿಡುತ್ತದೆ. ಮದುವೆಯಾದ ಹೊಸದರಲ್ಲಿ ಅಕ್ಕ "ಎಂತಕೆ" ಅಂದರೆ ಅಲ್ಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರಂತೆ. ಈಗ ಅವಳು "ಯಾಕ" ಅನ್ನುತ್ತಾಳೆ, ತವರಿಗೆ ಬಂದಾಗ ನಾವು ನಗುತ್ತೇವೆ.

ಭಾವ ಮತ್ತು ಅವರ ತಮ್ಮ ಇಬ್ಬರದೂ ಒಕ್ಕಲುತನ. ಹಿಸ್ಸೆಯಾದಾಗ ಹೊಲ ಎರಡಾಯಿತು, ಪಹಣಿ ಎರಡಾಯಿತು, ಒಲೆ ಎರಡಾಯಿತು. ಅಂಬ್ಲಿಗೊಳದ ಕಾಲುವೆ ನೀರು ಕೆಳಗಿನ ಗದ್ದೆಗೆ ಮಾತ್ರ ಬರುತ್ತದೆ. ಮೇಲಿನ ಹೊಲಕ್ಕೆ ಒಂದು ಹಳೆಯ ಬಾವಿ, ಒಂದು ಬೋರು. ಎರಡರ ನೀರೂ ಒಂದು ತೊಟ್ಟಿಗೆ ಬಿದ್ದು, ಅಲ್ಲಿಂದ ಮೋಟಾರು ಅದನ್ನು ಶುಂಠಿ ಮಡಿಗಳಿಗೆ ಡ್ರಿಪ್‌ನಲ್ಲಿ ತಳ್ಳುತ್ತದೆ. ಈ ಬಾವಿ, ಬೋರು, ಮೋಟಾರ್ ಮನೆ, ಅಲ್ಲಿಂದ ಹೊರಡುವ ದೊಡ್ಡ ಪೈಪು, ಇಷ್ಟು ಮಾತ್ರ ಹಿಸ್ಸೆಯಾಗದೆ ಜಂಟಿಯಾಗಿ ಉಳಿದವು. ಪೈಪನ್ನು ಉದ್ದಕ್ಕೆ ಸೀಳಲು ಬರುವುದಿಲ್ಲವಲ್ಲ ಎಂದು ಭಾವ ನಗೆಯಾಡುತ್ತಿದ್ದರು.

ಸುಳಿ ತುಂಡಿನ ವಿಷಯ ಹೇಳದೆ ಆ ಸೋಮವಾರಕ್ಕೆ ಹೋಗಲಾರೆ.

ಎರಡು ವರ್ಷದ ಹಿಂದಿನವರೆಗೂ ಅವರ ಶುಂಠಿಯಲ್ಲಿ ಒಂದು ವಿಚಿತ್ರವಿತ್ತು. ಗೊಬ್ಬರವನ್ನು ಡ್ರಮ್ಮಿನಲ್ಲಿ ಕರಗಿಸಿ, ಸಣ್ಣ ಕೊಳವೆಯಲ್ಲಿ ದೊಡ್ಡ ಪೈಪಿಗೆ ಬಿಡುತ್ತಿದ್ದರು. ಪೈಪು ಸ್ವಲ್ಪ ಮುಂದೆ ಹೋಗಿ ಕವಲೊಡೆಯುತ್ತದೆ. ಎಡಗಡೆಯ ಮಡಿಗಳಲ್ಲಿ ಎಲೆ ಕಡುಹಸಿರು, ಬಲಗಡೆಯ ಮಡಿಗಳಲ್ಲಿ ಬಿಳಚು. ಭಾವ ಮಣ್ಣನ್ನು ಬೈದರು, ಬೀಜದ ಶುಂಠಿ ಕೊಟ್ಟವನನ್ನು ಬೈದರು. ನಾನು ಬಿ.ಎಸ್ಸಿ. ಓದಿ ಸೊರಬದ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಒಮ್ಮೆ ಊಟಕ್ಕೆ ಕೂತಾಗ, ಗೊಬ್ಬರದ ನೀರೂ ಬಾವಿಯ ನೀರೂ ಒಂದೇ ಪೈಪಿನಲ್ಲಿದ್ದರೂ ಬೆರೆಯದೆ ಅಕ್ಕಪಕ್ಕದಲ್ಲೇ ಹರಿದು ಹೋಗುತ್ತಿರಬಹುದು ಅಂದೆ. ಭಾವನಿಗೆ ಆ ಮಾತು ಹಿಡಿಸಿತು. ಅವರು ಶಿರಾಳಕೊಪ್ಪದ ಸಂತೆಗೆ ಹೋದ ದಿನ ಒಬ್ಬ ವೆಲ್ಡಿಂಗ್ ಅಂಗಡಿಯವನ ಹತ್ತಿರ ಕೂತು ಒಂದು ತುಂಡು ಮಾಡಿಸಿಕೊಂಡು ಬಂದರು.

ಮೊಳದುದ್ದದ ದಪ್ಪ ಪೈಪು. ಡ್ರಮ್ಮಿನಿಂದ ಬರುವ ಕೊಳವೆ ಅದರ ನಡುಮಧ್ಯಕ್ಕೆ ನೇರವಾಗಿ ಸೇರುವುದಿಲ್ಲ, ಅಂಚನ್ನು ಸವರಿಕೊಂಡು ಓರೆಯಾಗಿ ಸೇರುತ್ತದೆ. ಹಾಗಾಗಿ ಒಳಗೆ ಬಂದ ನೀರು ಗೋಡೆಗುಂಟ ಗಿರಗಿರನೆ ತಿರುಗುತ್ತಾ ಮುಂದಕ್ಕೆ ಹೋಗಬೇಕಾಗುತ್ತದೆ. ತಿರುಗುವುದು ನಿಲ್ಲದಿರಲಿ ಎಂದು ಒಳಗೆ ಒಂದು ಸ್ಟೀಲ್ ಪಟ್ಟಿ, ಹಿಂಡಿದ ಪಂಚೆಯ ಹಾಗೆ ತಿರುಚಿದ್ದು. ಎರಡು ಮನೆಯವರೂ ಸೇರಿ ಮಾಡಿಸಿದ್ದರಿಂದ ಅದಕ್ಕೆ ಎರಡು ಬಾಯಿ. ಪಡುವಣ ಬಾಯಿ ಭಾವನ ಡ್ರಮ್ಮಿಗೆ, ಮೂಡಣ ಬಾಯಿ ತಮ್ಮನ ಡ್ರಮ್ಮಿಗೆ. ನಡುವೆ ಮೋಟಾರ್ ಮನೆಯ ಗೋಡೆ. ಈ ಕಡೆ ನಿಂತರೆ ಆ ಕಡೆಯ ಡ್ರಮ್ಮು ಕಾಣುವುದಿಲ್ಲ.

ಅದನ್ನು ಕೂಡಿಸಿದ ದಿನ ನಾನೂ ಅಲ್ಲಿದ್ದೆ. ಮುಂದಕ್ಕೆ ಒಂದಿಷ್ಟು ಪಾರದರ್ಶಕ ಕೊಳವೆ ಸಿಕ್ಕಿಸಿ, ಹೋಳಿ ಹಬ್ಬಕ್ಕೆ ತಂದು ಮಿಕ್ಕಿದ್ದ ಕೆಂಪು ಬಣ್ಣವನ್ನು ಡ್ರಮ್ಮಿಗೆ ಹಾಕಿ ನೋಡಿದೆವು. ತುಂಡಿಲ್ಲದೆ ಬಿಟ್ಟಾಗ ಕೆಂಪು ಒಂದು ಮಗ್ಗುಲಿಗೆ ಅಂಟಿಕೊಂಡು ದಾರದ ಹಾಗೆ ಹೋಯಿತು. ತುಂಡು ಹಾಕಿ ಬಿಟ್ಟಾಗ ಇಡೀ ನೀರು ಗುಲಾಬಿ.

"ಏನವ್ವ ಮೇಡಮ್ಮು, ನಿಮ್ಮ ಕಾಲೇಜಿನಾಗ ಇದಕ್ಕ ಏನಂತಾರ?" ಅಂದರು ಭಾವ.

"ಸುಳಿ ಅಂತಾರೆ ಭಾವ."

"ಅಷ್ಟೇನ? ಅದು ನಮ್ಮ ಎಮ್ಮಿಗೂ ಗೊತ್ತೈತಿ. ಸುಳಿ ಐತಿ ಅಂದ್ರ ಹೊಳಿಗೆ ಇಳಿಯಂಗಿಲ್ಲ ಅದು."

ಅಂದಿನಿಂದ ಅದರ ಹೆಸರು ಸುಳಿ ತುಂಡು. ಆ ವರ್ಷ ಶುಂಠಿ ಎರಡೂ ಮಗ್ಗುಲಲ್ಲಿ ಒಂದೇ ಬಣ್ಣಕ್ಕೆ ಬಂತು. ಸುತ್ತಲಿನವರು ಬಂದು ನೋಡಿಕೊಂಡು ಹೋದರು.

ಇನ್ನು ಸೋಮವಾರ. ಆ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವನ ದಿನ. ಈಗ ಉಳುವುದೆಲ್ಲ ಟ್ರ್ಯಾಕ್ಟರು, ಆದರೂ ಸೋಮವಾರ ಹೊಲದ ಕೆಲಸವಿಲ್ಲ. ಬೆಳೆಗೆ ನೀರನ್ನೂ ಬಿಡುವುದಿಲ್ಲ. ಆ ದಿನ ಎತ್ತಿನ ಮೈ ತೊಳೆಯುತ್ತಿದ್ದವರು ಈಗ ಪೈಪು ತೊಳೆಯುತ್ತಾರೆ. ಬೋರಿನ ನೀರು ಗಡಸು, ಡ್ರಿಪ್‌ನ ತೂತುಗಳಲ್ಲಿ ಸುಣ್ಣದ ಹಾಗೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಆಸಿಡ್ ಬೇಕು. ಬಾವಿಯ ನೀರಿನಲ್ಲಿ ಪಾಚಿ, ಲೋಳೆ. ಅದಕ್ಕೆ ಬ್ಲೀಚಿಂಗ್ ಪುಡಿ ಕರಗಿಸಿದ ನೀರು ಬೇಕು. ಒಂದು ಸೋಮವಾರ ಭಾವನ ಮನೆಯವರು ಆಸಿಡ್ ಬಿಟ್ಟು ತೊಳೆಯುವುದು, ಮುಂದಿನ ಸೋಮವಾರ ತಮ್ಮನ ಮನೆಯವರು ಬ್ಲೀಚಿಂಗ್ ಬಿಟ್ಟು ತೊಳೆಯುವುದು, ಹೀಗೆ ಪಾಳಿ. ಬರೆದಿಟ್ಟುಕೊಂಡಿದ್ದಲ್ಲ, ಮಾತಾಡಿಕೊಂಡಿದ್ದೂ ಅಲ್ಲ. ಹೋದ ವಾರ ಅವರು, ಈ ವಾರ ನಾವು, ಅಷ್ಟೇ.

ಎರಡೂ ಬೇರೆ ಬೇರೆಯಾಗಿದ್ದಾಗ ಎರಡೂ ಉಪಕಾರಿಗಳು. ಕೂಡಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗಿ ಅಲ್ಲೇ ನಿಲ್ಲುತ್ತದೆ. ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವ ಪಾಠ ಅದು.

ಹಿಂದಿನ ಸೋಮವಾರ ಅಮಾವಾಸ್ಯೆ ಬಿದ್ದಿತ್ತು. ಅಮಾವಾಸ್ಯೆಯೆಂದರೆ ಮೋಟಾರ್ ಮನೆಯ ಬಾಗಿಲನ್ನೂ ತೆಗೆಯುವುದಿಲ್ಲ. ಪಾಳಿ ಭಾವನದಾಗಿತ್ತು, ಹಾಗೇ ಉಳಿಯಿತು. ಭಾವನ ಮನೆಯ ತಿಳಿವಳಿಕೆ ಏನೆಂದರೆ, ಅಮಾವಾಸ್ಯೆ ನುಂಗಿದ ಸೋಮವಾರ ಲೆಕ್ಕಕ್ಕಿಲ್ಲ, ತಪ್ಪಿದ ಪಾಳಿ ಮುಂದಿನ ವಾರಕ್ಕೆ ಬಂತು. ತಮ್ಮನ ಮನೆಯ ತಿಳಿವಳಿಕೆ ಏನೆಂದರೆ, ಕೆಲಸ ಆಗಲಿ ಬಿಡಲಿ ಸೋಮವಾರ ಸೋಮವಾರವೇ, ಅದರ ಜೊತೆ ಅಣ್ಣನ ಪಾಳಿಯೂ ಹೋಯಿತು. ಇಬ್ಬರಿಗೂ ಇದು ಎಷ್ಟು ಸಹಜವಾಗಿತ್ತೆಂದರೆ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಯೇ ಏಳಲಿಲ್ಲ.

ನಾನು ಹಿಂದಿನ ದಿನ ಹೋಗಿ ಅಲ್ಲೇ ಉಳಿದಿದ್ದೆ, ಶಾಲೆಗೆ ರಜೆಯಿತ್ತು. ಬೆಳಿಗ್ಗೆ ಭಾವ ಪಡುವಣ ಡ್ರಮ್ಮಿಗೆ ಆಸಿಡ್ ನೀರು ತುಂಬಿ, ವಾಲ್ವ್ ತಿರುಗಿಸಿ, ಡ್ರಿಪ್ ನೋಡಲು ಹೊಲದ ಆ ತುದಿಗೆ ಹೋದರು. ತಿಂಡಿಯಾದ ಮೇಲೆ ಅವರ ತಮ್ಮ ಮೂಡಣ ಡ್ರಮ್ಮಿಗೆ ಬ್ಲೀಚಿಂಗ್ ನೀರು ತುಂಬಿ, ವಾಲ್ವ್ ತಿರುಗಿಸಿ ನೆರಳಿಗೆ ಹೋಗಿ ಕೂತರು. ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ಶುರುವಾಗುವ ಸ್ಟಾರ್ಟರ್ ಇದೆ. ಕರೆಂಟು ಬಂತು.

ಪೈಪು ತೊಳೆದ ನೀರನ್ನು ಹೊರಗೆ ಬಿಡುವ ವಾಲ್ವ್ ಹೊಲದ ಕೆಳಗಿನ ಮೂಲೆಯಲ್ಲಿ, ಒಂದು ಗುಂಡಿಯೊಳಗಿದೆ. ಸುತ್ತ ಕಲ್ಲು ಕಟ್ಟಿದ, ಸೊಂಟದಷ್ಟು ಆಳದ ಗುಂಡಿ. ನೀರು ಅದರ ತಳದ ಒಂದು ಕಿಂಡಿಯಿಂದ ಹೊರಗಿನ ಚರಂಡಿಗೆ ಹೋಗುತ್ತದೆ. ಸೋಮವಾರ ಅದನ್ನು ತೆಗೆದು, ಕೊಳೆ ನೀರು ಹೋಗಿ ತಿಳಿಯಾಗುವವರೆಗೆ ನೋಡಿ, ಮುಚ್ಚಿ ಬರುವುದು ಅಕ್ಕನ ಕೆಲಸ. ಯಾರ ಪಾಳಿಯೇ ಇರಲಿ ಅವಳೇ. "ಅವ್ರಿಗೆ ನೀರು ತಿಳಿ ಆಗೂದು ಕಾಯಾಕ ತಾಳ್ಮಿ ಇಲ್ಲ" ಅನ್ನುತ್ತಾಳೆ ಗಂಡಸರ ಬಗ್ಗೆ.

ಪಕ್ಕದ ಜೋಳ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದರು. ಕುರಿಯವನು ಕಂಬಳಿ ಹಾಸಿಕೊಂಡು ಕೂತಿದ್ದ. ನಾವಿಬ್ಬರೂ ಹೋಗುವಾಗ ಅಕ್ಕನನ್ನು ನೋಡಿ, "ಏನ್ ಯಕ್ಕಾ, ಇವತ್ತು ತಂಗೀನೂ ಕರ್ಕೊಂಡ್ ಬಂದೀರಿ, ಗುಂಡ್ಯಾಗ ಈಜು ಕಲ್ಸಾಕೇನು?" ಅಂದ.

"ಮೊದ್ಲು ನಿನ್ನ ಕುರಿ ನಮ್ಮ ಬದುವಿಗೆ ಬರದಂಗ ನೋಡ್ಕೊ. ಆಮ್ಯಾಲ ನಿನಗೂ ಕಲ್ಸ್ತೀನಿ" ಅಂದಳು ಅಕ್ಕ.

ಅವಳು ಗುಂಡಿಗಿಳಿದು ವಾಲ್ವ್ ತಿರುಗಿಸಿದಳು. ಕಂದು ನೀರು ಬಂತು, ಅದರಲ್ಲಿ ಲೋಳೆಯ ಎಳೆಗಳು. ನಾನು ನಮ್ಮ ಅಮ್ಮನ ಮಂಡಿನೋವಿನ ಸುದ್ದಿ ಹೇಳುತ್ತಿದ್ದೆ. ನೀರು ತಿಳಿಯಾಗುತ್ತಾ ಬಂತು. ತಿಳಿಯಾದ ನೀರಿನಲ್ಲಿ ಸೋಡಾದ ಹಾಗೆ ಸಣ್ಣ ಗುಳ್ಳೆಗಳಿದ್ದವು. ಅದನ್ನು ನಾನು ನೋಡಿದೆ. ನೋಡಿ ಏನನ್ನೂ ಯೋಚಿಸಲಿಲ್ಲ. ಆಮೇಲೆ ವಾಸನೆ. ಹೊಸದಾಗಿ ತೊಳೆದ ಬಸ್‌ಸ್ಟ್ಯಾಂಡಿನ ಶೌಚಾಲಯದ್ದು, ಆದರೆ ಮೂಗಿನೊಳಗೆ ಚುಚ್ಚುವಂಥದ್ದು.

"ಇವತ್ತು ಬ್ಲೀಚಿಂಗಾ?" ಅಂದೆ.

"ಅಲ್ಲ, ಆಸಿಡ್. ನಮ್ಮ ಪಾಳಿ."

ಈ ಎರಡು ಮಾತುಗಳ ನಡುವೆ ನಾನು ಎಷ್ಟೋ ಸಲ ಹೋಗಿ ನಿಲ್ಲುತ್ತೇನೆ. ಬ್ಲೀಚಿಂಗ್ ವಾಸನೆ ಮೂಗಿನಲ್ಲಿದೆ, ಆಸಿಡ್ ಎಂಬ ಮಾತು ಕಿವಿಯಲ್ಲಿದೆ. ಎರಡೂ ನನ್ನೊಳಗೆ ಕೂಡಲು ಎಷ್ಟು ಹೊತ್ತು ಹಿಡಿಯಿತು? ಒಂದು ಕ್ಷಣ ಅನ್ನಿಸುತ್ತದೆ, ಇನ್ನೊಮ್ಮೆ ಬಹಳ ಹೊತ್ತು ಅನ್ನಿಸುತ್ತದೆ. ನಾನು "ಮೇಲೆ ಬಾ" ಅಂದೆ. ಅಂದೆ ಎಂದುಕೊಂಡಿದ್ದೇನೆ. ಅಕ್ಕ ಮುಖ ಎತ್ತಿ ಕೆಮ್ಮುತ್ತಾ, "ತಡಿ, ಬಂದ್ ಮಾಡಿ ಬರ್ತೀನಿ" ಅಂದಳು. ನೀರು ಸುಮ್ಮನೆ ಹರಿಯುತ್ತಿರುವಾಗ ವಾಲ್ವ್ ಬಿಟ್ಟು ಎದ್ದು ಬರುವುದು ಅವಳಿಂದಾಗದು. ಅಡುಗೆಮನೆಯ ನಲ್ಲಿಯಿಂದ ಒಂದು ಹನಿ ತೊಟ್ಟಿಕ್ಕಿದರೂ ಎದ್ದು ಹೋಗುವವಳು. ಅವಳು ಮತ್ತೆ ಬಗ್ಗಿದಳು. ಗಾಳಿ ಬರದ ಆ ತಳಕ್ಕೆ ಮುಖವಿಟ್ಟು ವಾಲ್ವ್ ಹಿಡಿದಳು. ಹಿಡಿದವಳು ಹಾಗೇ ಅದರ ಮೇಲೆ ಮಗುಚಿಕೊಂಡಳು.

ಇಲ್ಲಿಂದ ಮುಂದೆ ನನಗೆ ಸಿಕ್ಕಿರುವುದು ಚೂರುಗಳು. ಕಲ್ಲಿನ ಅಂಚಿಗೆ ನನ್ನ ಎದೆ. ಅಕ್ಕನ ಮುಂಗೈ, ಬಳೆಗಳ ಸಮೇತ ನನ್ನ ಮುಷ್ಟಿಯಲ್ಲಿ. ಕಣ್ಣಿಗೆ ಮೆಣಸಿನ ಪುಡಿ ಎರಚಿದ ಹಾಗೆ ಉರಿ. ಅವಳು ಬಹಳ ಭಾರ. ಎಲ್ಲೋ ಮೋಟಾರಿನ ಸದ್ದು ನಿಂತಿದ್ದು. ಸದ್ದು ನಿಂತ ಮೇಲೂ ವಾಲ್ವ್‌ನಿಂದ ನೀರು ಬರುತ್ತಲೇ ಇದ್ದದ್ದು. ಮೇಲಿನ ಇಡೀ ಪೈಪಿನಲ್ಲಿದ್ದ ನೀರು ಇಳಿಜಾರಿನಲ್ಲಿ ಅಲ್ಲಿಗೇ ಬರಬೇಕಲ್ಲ. ಆಮೇಲೆ ಕಂಬಳಿಯ ವಾಸನೆ, ಒಂದು ಗಂಡಸಿನ ಕೈ, "ಎತ್ರಿ, ಎತ್ರಿ" ಎಂಬ ದನಿ. ಆಮೇಲೆ ಆಕಾಶ.

ಕುರಿಯವನನ್ನು ನಾನು ಆಮೇಲೆ ಕೇಳಿದ್ದೇನೆ. ಕುರಿಗಳೆಲ್ಲ ಒಟ್ಟಿಗೆ ಗುಂಡಿಗೆ ಬೆನ್ನು ಮಾಡಿ ಹೊರಟಿದ್ದನ್ನು ನೋಡಿ ತಾನು ತಿರುಗಿ ನೋಡಿದೆ ಅನ್ನುತ್ತಾನೆ. ಓಡಿ ಬಂದು, ಕಂಬಳಿಯನ್ನು ಅಕ್ಕನ ಕಂಕುಳಿಗೆ ಸುತ್ತಿ ಎಳೆದೆ ಅನ್ನುತ್ತಾನೆ.

"ನಾನು ಎಲ್ಲಿದ್ದೆ?" ಅಂದೆ.

"ನೀವು ನೆಲದ ಮ್ಯಾಲ ಕುಂತಿದ್ರಿ ಮೇಡಮ್ಮರ. ಕಣ್ಣು ಒರಿಸ್ಕೋತ."

"ಎಳೀತಾ ಇದ್ನಲ್ಲ?"

"ಎಳ್ದಿರ್ತೀರಿ. ನಾ ಬಂದಾಗ ಕುಂತಿದ್ರಿ."

ನನ್ನ ಎರಡೂ ತೋಳುಗಳ ಒಳಗಡೆ ಕಲ್ಲಿಗೆ ಉಜ್ಜಿದ ಗಾಯ ಬಹಳ ದಿನ ಇತ್ತು. ಹಾಗಾಗಿ ಎಳೆದಿದ್ದೇನೆ. ಆದರೆ ಕೂತಿದ್ದು ಯಾವಾಗ? ಎಳೆಯುವುದನ್ನು ಬಿಟ್ಟು ಕೂತೆನೇ? ಕೂಗು ಕೇಳಿ ಓಡಿ ಹೋಗಿ ಮೋಟಾರು ಆರಿಸಿದ್ದು ತಾವೇ ಅನ್ನುತ್ತಾರೆ ಭಾವನ ತಮ್ಮ. ಪಕ್ಕದ ಹೊಲದವರು, ಆ ಹೊತ್ತಿಗೆ ಇಡೀ ಲೈನಿನಲ್ಲೇ ಕರೆಂಟು ಹೋಗಿತ್ತು, ತಾವು ಪೈಪು ತೊಳೆಯಲು ಹಾಕಿದ್ದ ಮೋಟಾರೂ ನಿಂತಿತ್ತು ಅನ್ನುತ್ತಾರೆ. ಇಬ್ಬರದೂ ನಿಜವಿರಬಹುದು. ಆರಿಹೋದ ಮೋಟಾರನ್ನು ಅವರು ಮತ್ತೊಮ್ಮೆ ಆರಿಸಿರಬಹುದು. ಮೋಟಾರು ನಿಂತದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಅದೂ ನನಗೆ ಗೊತ್ತಿಲ್ಲ. ಹೊಸದಾಗಿ ಆಸಿಡ್ ಬರುವುದು ನಿಂತಿತು. ಆದರೆ ಓಡುತ್ತಿದ್ದ ನೀರು ನಿಧಾನವಾಗಿ, ಆ ಅನಿಲವನ್ನೆಲ್ಲ ಅಲ್ಲೇ ಬಿಡುತ್ತಾ ಬಂತು.

ಸುಳಿ ತುಂಡಿನ ಬಗ್ಗೆ ನನಗೆ ಸಿಟ್ಟು ಬರಬೇಕು, ಬರುವುದಿಲ್ಲ. ಅದು ತಾನು ಮಾಡಬೇಕಾದ್ದನ್ನೇ ಮಾಡಿತು. ಅದಿಲ್ಲದಿದ್ದರೆ ಆಸಿಡ್ ಒಂದು ಮಗ್ಗುಲಲ್ಲಿ, ಬ್ಲೀಚಿಂಗ್ ಇನ್ನೊಂದು ಮಗ್ಗುಲಲ್ಲಿ, ದಾರದ ಹಾಗೆ ಬೇರೆ ಬೇರೆಯಾಗಿ ಹೋಗುತ್ತಿದ್ದವೇ? ಅಷ್ಟು ಉದ್ದದ ಪೈಪಿನಲ್ಲಿ ಕಡೆಗೆ ಹೇಗೂ ಕೂಡುತ್ತಿದ್ದವೇ? ಕಾಗದದ ಮೇಲೆ ಚಿತ್ರ ಬರೆದು ನೋಡಿದ್ದೇನೆ. ಒಂದು ದಿನ ಒಂದು ಉತ್ತರ ಬರುತ್ತದೆ, ಇನ್ನೊಂದು ದಿನ ಇನ್ನೊಂದು.

ಅಕ್ಕನನ್ನು ಗಾಳಿ ಬರುವ ಎತ್ತರಕ್ಕೆ ಹೊತ್ತುಕೊಂಡು ಹೋಗಿ ಮಲಗಿಸಿದೆವು. ಅವಳಿಗೆ ಎಚ್ಚರವಿತ್ತು. ಉಸಿರು ಎಳೆದಾಗ ಬಟ್ಟೆ ಹರಿಯುವ ಸದ್ದು ಬರುತ್ತಿತ್ತು. ಭಾವ ಹೊಲದ ತುದಿಯಿಂದ ಓಡಿ ಬಂದರು. ಶುಂಠಿ ಸಾಗಿಸುವ ಗೂಡ್ಸ್ ಗಾಡಿಯ ಹಿಂಬದಿಗೆ ಅವಳನ್ನು ಎತ್ತಿ ಮಲಗಿಸಿ, ಶಿಕಾರಿಪುರದ ಆಸ್ಪತ್ರೆಗೆ ಹೊರಟೆವು. ಹಿಂದೆ ನಾನು, ಅವಳ ತಲೆ ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವಳ ಬಾಯನ್ನೇ ನೋಡುತ್ತಿದ್ದೆ. ಒಂದು ಉಸಿರು ಆದ ಮೇಲೆ ಇನ್ನೊಂದು ಬರುವವರೆಗೆ ಗಾಡಿ, ರಸ್ತೆ ಯಾವುದೂ ಇರುತ್ತಿರಲಿಲ್ಲ.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. "ಏನು ಕುಡಿದ್ರು ಇವ್ರು?" ಅಂದರು.

"ಕುಡಿದಿಲ್ಲ, ಉಸಿರಲ್ಲಿ ಹೋಗಿದೆ. ಕ್ಲೋರಿನ್."

"ಎಲ್ಲಿತ್ತು ಕ್ಲೋರಿನ್ನು?"

"ಹೊಲದಲ್ಲಿ."

ಅವರು ನನ್ನನ್ನೊಮ್ಮೆ ನೋಡಿದರು. ಹೊಲದಲ್ಲಿ ಕ್ಲೋರಿನ್ ಎಲ್ಲಿಂದ ಬಂತು ಎಂದು ಹೇಳಲು ನನಗೆ ಸುಳಿ ತುಂಡಿನಿಂದ ಹಿಡಿದು ಅಮಾವಾಸ್ಯೆಯವರೆಗೆ ಹೇಳಬೇಕಿತ್ತು. ಆಗ ನನಗೆ ಅಮಾವಾಸ್ಯೆಯ ಕಥೆ ಗೊತ್ತೂ ಇರಲಿಲ್ಲ. ಆಸಿಡ್, ಬ್ಲೀಚಿಂಗ್, ಪೈಪು ಎಂದಷ್ಟೇ ಹೇಳಿದೆ. ಅವರಿಗೆ ಅಷ್ಟು ಸಾಕಾಯಿತು. ಆಕ್ಸಿಜನ್ ಹಾಕಿದರು, ಹೊಗೆಯ ಹಾಗೆ ಬರುವ ಔಷಧಿ ಕೊಟ್ಟರು, ಕಣ್ಣು ತೊಳೆದರು. ಆಮೇಲೆ ಭಾವನನ್ನು ಹೊರಗೆ ಕರೆದು, "ಈಗ ಪರವಾಗಿಲ್ಲ ಅನ್ನಿಸಿದ್ರೂ ನಾಳೆ ತನಕ ಏನೂ ಹೇಳಕ್ಕಾಗಲ್ಲ. ಶ್ವಾಸಕೋಶದಲ್ಲಿ ನೀರು ತುಂಬ್ಕೋಬಹುದು. ಹಂಗಾದ್ರೆ ಶಿವಮೊಗ್ಗಕ್ಕೆ ಕಳಿಸ್ಬೇಕಾಗುತ್ತೆ, ಗಾಡಿ ರೆಡಿ ಇಟ್ಕೊಂಡಿರಿ" ಅಂದರು.

ನಾಳೆ ತನಕ ಎಂಬ ಮಾತು ಆ ವರಾಂಡದಲ್ಲಿ ನಮ್ಮ ಜೊತೆ ಬೆಂಚಿನ ಮೇಲೆ ಕೂತುಕೊಂಡಿತು. ಅಷ್ಟು ಹೊತ್ತಿಗೆ ಭಾವನ ತಮ್ಮ ಬೈಕಿನಲ್ಲಿ ಬಂದಿದ್ದರು. ಅವರ ಮುಖ ಬೂದಿಯಾಗಿತ್ತು.

"ಅಣ್ಣ, ನೀ ಯಾಕ ಡ್ರಮ್ ಬಿಟ್ಟಿ?"

"ನಮ್ಮ ಪಾಳಿ, ಬಿಟ್ಟೆ. ನೀ ಯಾಕ ಬಿಟ್ಟಿ?"

"ಈ ವಾರ ನಮ್ದು. ನಿಮ್ದು ಹೋದ ವಾರ ಹೋತಲ್ಲ."

"ಹೋದ ವಾರ ಅಮಾಸಿ. ಅಮಾಸಿ ದಿನ ಯಾರ್ ಕೆಲಸ ಮಾಡ್ತಾರೋ? ಮಾಡ್ದೇ ಇದ್ದ ಪಾಳಿ ಹೆಂಗ ಹೋಗ್ತತಿ?"

"ಸೋಮಾರ ಹೋತಲ್ಲಣ್ಣ. ಹೋದ ಸೋಮಾರ ತಿರುಗಿ ಬರ್ತತೇನು?"

"ಅಪ್ಪ ಇದ್ದಾಗ ಹೆಂಗ ಮಾಡ್ತಿದ್ದ? ಅಮಾಸಿ ಬಿದ್ರ ಪಾಳಿ ಮುಂದಕ್ಕ ಹೋಗ್ತಿರ್ಲಿಲ್ಲೇನು?"

"ಅಪ್ಪ ಇದ್ದಾಗ ಡ್ರಿಪ್ಪೇ ಇರ್ಲಿಲ್ಲ. ಅದು ಡೇರಿಗೆ ಹಾಲು ಹಾಕೋ ಪಾಳಿ."

ಅಲ್ಲಿಯವರೆಗೆ ನನಗೆ ಯಾರೋ ಒಬ್ಬರು ತಪ್ಪು ಮಾಡಿದ್ದಾರೆ ಎಂಬ ನಂಬಿಕೆಯಿತ್ತು. ಅವರ ಹೆಸರು ಹಿಡಿದು ಬೈಯಬಹುದು ಎಂದುಕೊಂಡಿದ್ದೆ. ಇಬ್ಬರ ಮಾತನ್ನೂ ಕೇಳುತ್ತಾ ಹೋದಂತೆ ಇಬ್ಬರೂ ಸರಿ ಎನ್ನಿಸತೊಡಗಿತು. ಅದು ಇನ್ನೂ ಭಯ ಹುಟ್ಟಿಸಿತು. ನರ್ಸಮ್ಮ ಹೊರಗೆ ಬಂದು, "ಪಂಚಾಯ್ತಿ ಮಾಡೂದಿದ್ರ ಗೇಟಿನ ಆಚಿ ಮಾಡ್ರಿ. ಒಳಗ ಪೇಷಂಟು ಕಣ್ಣು ಬಿಟ್ಟು ಕೇಳಾಕತ್ತಾರ" ಅಂದಳು.

ಮೂವರೂ ಒಳಗೆ ಹೋದೆವು. ಅಕ್ಕನ ಕಣ್ಣು ಕೆಂಡದ ಹಾಗಿತ್ತು. ಮಾಸ್ಕನ್ನು ತಾನೇ ಎತ್ತಿ ನನ್ನ ಕಡೆ ನೋಡಿ ಏನೋ ಅಂದಳು. ಗಾಳಿಯಷ್ಟೇ ಬಂತು. ನಾನು ಕಿವಿ ಹತ್ತಿರ ತಂದೆ.

"ವಾಲ್ವ್ ಬಂದ್ ಆತೇನು?"

"ಆಯ್ತು" ಅಂದೆ. ಅದು ಆಗಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಈಗಲೂ ಅದನ್ನು ಯಾರು ಮುಚ್ಚಿದರೆಂದು ಗೊತ್ತಿಲ್ಲ.

ಅವಳು ಗಂಡನನ್ನೂ ಮೈದುನನನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಮತ್ತೆ ಮಾಸ್ಕ್ ಎತ್ತಿದಳು. ಈ ಸಲ ಎಲ್ಲರಿಗೂ ಕೇಳಿಸಿತು, ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಯಿತು. "ಅಮಾಸಿನೂ... ಸೋಮಾರನೂ... ನೀವಿಬ್ರೇ ಹಂಚ್ಕೊಳ್ರಿ. ನನಗ... ಉಳಿದ ದಿನ ಕೊಡ್ರಿ."

ಮೈದುನ ಗೋಡೆಯ ಕಡೆ ತಿರುಗಿ ಅತ್ತರು. "ಅತ್ತಿಗಿ, ಮಾತಾಡಬ್ಯಾಡ್ರಿ" ಅನ್ನುತ್ತಿದ್ದರು, ತಾವೇ ಮಾತಾಡುತ್ತಿದ್ದರು.

ಸಂಜೆ ಅವಳ ಉಸಿರಿನ ಸದ್ದು ಬದಲಾಯಿತು. ಒಳಗೆಲ್ಲೋ ನೀರು ಕುದಿಯುವ ಹಾಗೆ ಗುಳುಗುಳು. ಡಾಕ್ಟರು ಬಂದು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಒಂದು ಇಂಜೆಕ್ಷನ್ ಕೊಟ್ಟರು, ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಭಾವ ಗಾಡಿಯ ಬಾಗಿಲು ತೆಗೆದಿಟ್ಟು ಅದರ ಪಕ್ಕದಲ್ಲೇ ನಿಂತರು. ಆಮೇಲಿನ ರಾತ್ರಿ ನೆನಪಿದೆ, ಹೇಳುವಂಥದ್ದು ಏನೂ ಇಲ್ಲ. ಬೆಳಕಾಗುವ ಹೊತ್ತಿಗೆ ಸದ್ದು ಇಳಿದಿತ್ತು. ಇಳಿದದ್ದು ಒಳ್ಳೆಯದಕ್ಕೋ ಎಂದು ನಾನು ನರ್ಸಮ್ಮನ ಮುಖ ನೋಡಿದೆ. ಆಕೆ ಅಕ್ಕನ ಬೆರಳಿಗೆ ಸಿಕ್ಕಿಸಿದ್ದ ಯಂತ್ರವನ್ನು ನೋಡಿ, "ಕಾಫಿ ಕುಡಿತೀರೇನ್ರಿ?" ಎಂದು ಅಕ್ಕನನ್ನೇ ಕೇಳಿದಳು. ಅಕ್ಕ, "ನಿಮ್ಮ ಕಡೀದು ಬ್ಯಾಡ, ನೀರ್ ನೀರು ಇರ್ತತಿ" ಅಂದಳು. ಭಾವ ಅದನ್ನು ಕೇಳಿ, ಏನೋ ತರುವವರ ಹಾಗೆ ಹೊರಗೆ ಹೋದರು, ಬಹಳ ಹೊತ್ತು ಬರಲಿಲ್ಲ.

ಅವಳು ಮನೆಗೆ ಬಂದ ಮೇಲೆ ಸುಳಿ ತುಂಡಿನ ವಿಚಾರ ಬಂತು. ಮೈದುನ ಗರಗಸ ಹಿಡಿದು ನಿಂತಿದ್ದರು, ಕೊಯ್ದು ಬಿಸಾಡುತ್ತೇನೆ ಅಂತ. ಅಕ್ಕ ಜಗುಲಿಯಲ್ಲಿ ಕೂತೇ ತೀರ್ಮಾನ ಹೇಳಿದಳು.

"ತುಂಡು ಏನ್ ಮಾಡೇತಿ? ಒಂದ್ ಬಾಯಿ ಮುಚ್ಚಿಸ್ರಿ. ಇಬ್ರಿಗೂ ಸೇರಿ ಒಂದ ಡ್ರಮ್ ಇಡ್ರಿ. ಒಳಗೇನೈತಿ ಅಂತ ನೋಡ್ದೇ ಯಾರೂ ಏನೂ ಹಾಕಂಗಿಲ್ಲ."

"ಒಂದ ಡ್ರಮ್ ಅಂದ್ರ ಮತ್ತ ಒಟ್ಟಿಗಿ ಆದಂಗಾತಲ್ಲ ಅತ್ತಿಗಿ" ಅಂದರು ಮೈದುನ.

"ಡ್ರಮ್ಮಷ್ಟೇ ಮಾರಾಯ. ಒಲಿ ಬ್ಯಾರೇನೇ ಇರ್ಲಿ. ನಿನ್ನ ಹೆಂಡ್ತಿ ಸಾರಿನ ಖಾರ ನನಗ ಆಗಂಗಿಲ್ಲ."

ಹಾಗೇ ಆಯಿತು. ಶಿರಾಳಕೊಪ್ಪದ ವೆಲ್ಡಿಂಗ್‌ನವನೇ ಬಂದು ಮೂಡಣ ಬಾಯಿಗೆ ಬಿರಡೆ ಹಾಕಿ ಹೋದ. ಗುಂಡಿಗೆ ಮಣ್ಣು ತುಂಬಿ, ಪೈಪನ್ನು ಬದುವಿನಾಚೆ ಬಯಲಿಗೆ ಎಳೆದರು. ಈಗ ನೀರು ತಿಳಿಯಾಗುವುದನ್ನು ನಿಂತುಕೊಂಡೇ ನೋಡಬಹುದು.

ನಾನು ಸೊರಬಕ್ಕೆ ಬಂದೆ. ಶಾಲೆಯಲ್ಲಿ ಒಂದು ದಿನ ಪಾಠದ ನಡುವೆ ವರಾಂಡದಿಂದ ಬ್ಲೀಚಿಂಗ್ ವಾಸನೆ ಬಂತು, ಯಾರೋ ನೆಲ ತೊಳೆಯುತ್ತಿದ್ದರು. ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋಗಿ ಅಂಗಳದಲ್ಲಿ ನಿಂತಿದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಹೆಡ್ಮೇಡಂ ಬಂದು, "ಎಂತ ಆಯ್ತು ಮಾರಾಯ್ತಿ?" ಅಂದರು. ಏನೂ ಆಗಿಲ್ಲ ಅಂದೆ. ಅಲ್ಲಿ ಏನೂ ಆಗಿರಲಿಲ್ಲ, ನಿಜವೇ. ಬರೀ ನೆಲ ಒದ್ದೆಯಾಗಿತ್ತು.

ಅಕ್ಕನ ಕೆಮ್ಮು ಪೂರ್ತಿ ಹೋಗಿಲ್ಲ. ಮೆಟ್ಟಿಲು ಹತ್ತಿದರೆ ನಿಲ್ಲಬೇಕು, ಒಲೆಯ ಹೊಗೆ ಆಗದು. ಇನ್ನಷ್ಟು ದಿನ ಬೇಕು, ಎಲ್ಲ ಸರಿಹೋಗಬಹುದು ಅನ್ನುತ್ತಾರೆ ಡಾಕ್ಟರು. ನಾನು ದಿನವೂ ಶಾಲೆಗೆ ಹೋಗುವ ಬಸ್ಸಿಗೆ ಕಾಯುತ್ತಾ ಫೋನು ಮಾಡುತ್ತೇನೆ. ಹೇಗಿದ್ದೀಯಾ ಎಂದು ಕೇಳಿದರೆ ಅವಳಿಗೆ ಸಿಟ್ಟು. "ದಿನಾ ಅದನ್ನ ಕೇಳ್ತಿ, ನಾ ಏನ್ ದಿನಾ ಬ್ಯಾರೆ ಆಗ್ತೀನೇನು?" ಅನ್ನುತ್ತಾಳೆ. ಹಾಗಾಗಿ ಬೇರೆ ಏನಾದರೂ ಕೇಳುತ್ತೇನೆ. ಶುಂಠಿಗೆ ಮಣ್ಣು ಏರಿಸಿದರೇ, ಎಮ್ಮೆ ಈದಿತೇ, ಹೀಗೆ.

ಮೊನ್ನೆ ಅವಳ ಓರಗಿತ್ತಿಯ ವಿಷಯ ಕೇಳಿದೆ. ಅಕ್ಕ ಶುರು ಮಾಡಿದಳು. ಡ್ರಮ್ಮು ತೊಳೆಯುವುದು ಯಾರ ಕೆಲಸ ಎಂಬಲ್ಲಿಂದ ಹೊರಟು ಎಲ್ಲೆಲ್ಲಿಗೋ ಹೋಯಿತು. ಮೊದಲೆಲ್ಲ ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಆ ದಿನ ನಿಲ್ಲಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತಲೇ ಇದ್ದೆ, ಈಗ ನಿಲ್ಲುತ್ತಾಳೆ, ಈಗ ನಿಲ್ಲುತ್ತಾಳೆ ಎಂದು. ಮಾತು ಹೋಗುತ್ತಲೇ ಇತ್ತು. ನನ್ನ ಬಸ್ಸು ಬಂತು, ಹೋಯಿತು.

"ಕೇಳಾಕತ್ತೀಯೇನು?" ಅಂದಳು ಅಕ್ಕ.

"ಕೇಳಿಸ್ತಾ ಇದೆ, ಹೇಳು."

"ಹಂಗಾರ ನಾ ಏನ್ ಅಂದೆ, ಹೇಳು ನೋಡೋಣ."

ನನಗೆ ಒಂದು ಮಾತೂ ಗೊತ್ತಿರಲಿಲ್ಲ. "ಇನ್ನೊಂದ್ಸಲ ಹೇಳೇ" ಅಂದೆ. ಅವಳು ನನ್ನನ್ನು ಬೈದು, ಮತ್ತೆ ಮೊದಲಿನಿಂದ ಶುರು ಮಾಡಿದಳು.